ಕಟ್ಟುವುದಕ್ಕೆ ದುಡ್ಡಿದೆ, ನಡೆಸುವುದಕ್ಕಿಲ್ಲ: ಗ್ರಾಮ ಪಂಚಾಯಿತಿಯ ಮುಂದಿನ ಕೆಲಸ ಯಾವುದು?

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿಗಳನ್ನು ಬಲಪಡಿಸಬೇಕು ಎಂಬ ಮಾತು ಪ್ರತಿವರ್ಷ ಏಪ್ರಿಲ್ 24ರ ಪಂಚಾಯತ್ ರಾಜ್ ದಿನದಂದು ತಪ್ಪದೆ ಕೇಳಿಬರುತ್ತದೆ. ಬಲಪಡಿಸುವುದು ಎಂದರೇನು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಇನ್ನೊಂದು ಯೋಜನೆ, ಇನ್ನೊಂದು ಆ್ಯಪ್, ಇನ್ನೊಂದು ಕಟ್ಟಡ. ಹಳ್ಳಿಗಳಲ್ಲಿ ಟ್ಯಾಂಕು, ಪೈಪು, ಚರಂಡಿ, ಸಿಮೆಂಟ್ ರಸ್ತೆ, ಬೀದಿದೀಪ, ಶುದ್ಧ ನೀರಿನ ಘಟಕ, ಕಸ ಬೇರ್ಪಡಿಸುವ ಶೆಡ್ಡು ಹೆಚ್ಚುಕಡಿಮೆ ಬಂದಾಗಿದೆ. ಬಂದದ್ದರಲ್ಲಿ ಎಷ್ಟು ಇವತ್ತು ಬೆಳಿಗ್ಗೆ ಕೆಲಸ ಮಾಡಿತು ಎಂದು ಕೇಳುವವರು ಕಡಿಮೆ. ಮುಂದಿನ ಹತ್ತು ವರ್ಷ ಪಂಚಾಯಿತಿ ಮಾಡಬೇಕಾದ ದೊಡ್ಡ ಕೆಲಸ ಎರಡೇ. ಕಟ್ಟಿದ್ದನ್ನು ದಿನವೂ ನಡೆಸುವುದು ಒಂದು. ನೆರವು ತಲುಪದೆ ಉಳಿದ ಮನೆಯನ್ನು ಗುರುತಿಸಿ ತಲುಪಿಸುವುದು ಇನ್ನೊಂದು. ಇವೆರಡಕ್ಕೂ ಈಗ ಪಂಚಾಯಿತಿಯ ಕೈಯಲ್ಲಿ ಸಾಕಷ್ಟು ದುಡ್ಡಿಲ್ಲ, ಆಳಿಲ್ಲ, ಅಧಿಕಾರವೂ ಇಲ್ಲ. ಬೈಸಿಕೊಳ್ಳುವ ಹೊಣೆ ಮಾತ್ರ ಪೂರ್ತಿಯಾಗಿ ಅದರದೇ.

ಮೊದಲು ದುಡ್ಡಿನ ವಿಷಯ. ಕೇಂದ್ರದ ತೆರಿಗೆ ಹಣದ ಹಂಚಿಕೆಯನ್ನು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಹೇಳಿದ ಕೆಲಸಕ್ಕೆ ಮಾತ್ರ, ಶೇ 40 ಅನಿರ್ಬಂಧಿತವಾಗಿತ್ತು. ನಿರ್ಬಂಧಿತ ಹಣದಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ಅನಿರ್ಬಂಧಿತ ಹಣವನ್ನು ಊರಿಗೆ ಬೇಕಾದ್ದಕ್ಕೆ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಮತ್ತು ಕಚೇರಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹೀಗಾಗಿ ಹೊಸ ಪೈಪ್‌ಲೈನ್ ಎಳೆಯಲು ಹಣ ಸಿಗುತ್ತಿತ್ತು, ಆ ಪೈಪ್‌ಲೈನಿನ ವಾಲ್ವ್ ತಿರುಗಿಸುವ ನೀರುಗಂಟಿಯ ಸಂಬಳಕ್ಕೆ ಸಿಗುತ್ತಿರಲಿಲ್ಲ. ಸಂಬಳ ಮತ್ತು ವಿದ್ಯುತ್ ಬಿಲ್ಲಿನ ಭಾರ ರಾಜ್ಯದ ಶಾಸನಬದ್ಧ ಅನುದಾನ ಮತ್ತು ಪಂಚಾಯಿತಿಯ ಸ್ವಂತ ವಸೂಲಿಯ ಮೇಲೆ ಬೀಳುತ್ತದೆ. ಅವು ಸಾಲದಾದಾಗ ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಎಸ್ಕಾಂ ಬಾಕಿ ಬೆಳೆಯುತ್ತದೆ. ಬಾಕಿ ಬೆಳೆದಾಗ ಬೀದಿದೀಪದ ಫ್ಯೂಸ್ ಕೀಳುತ್ತಾರೆ. ಆಗ ಜನ ಬಂದು ಅಧ್ಯಕ್ಷರನ್ನು ಕೇಳುತ್ತಾರೆ.

ನೀರನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ, 400 ಜನಕ್ಕೆ ಒಬ್ಬ ಸದಸ್ಯ. 1,500 ಮನೆ, 6,750 ಜನ ಇರುವ ಒಂದು ಪಂಚಾಯಿತಿ ಎಂದಿಟ್ಟುಕೊಳ್ಳಿ. ಜಲಜೀವನ್ ಮಿಷನ್ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕಾದರೆ ಒಟ್ಟು 3.71 ಲಕ್ಷ ಲೀಟರ್ ಬೇಕು. ಎಂಟು ಕೊಳವೆಬಾವಿ, ಒಂದೊಂದಕ್ಕೂ 7.5 ಎಚ್‌ಪಿ ಮೋಟರ್, ದಿನಕ್ಕೆ ಎಂಟು ತಾಸು ಓಟ. 7.5 ಎಚ್‌ಪಿ ಎಂದರೆ 5.6 ಕಿಲೋವಾಟ್. ಮೋಟರಿನಲ್ಲಿ ಸೋರಿ ಹೋಗುವುದನ್ನೂ ಸೇರಿಸಿದರೆ ಎಳೆಯುವುದು ಸುಮಾರು 7 ಕಿಲೋವಾಟ್. ದಿನಕ್ಕೆ 55 ಯೂನಿಟ್, ತಿಂಗಳಿಗೆ 1,650. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ಒಂದು ಬಾವಿಗೆ ಹತ್ತಿರ ಹತ್ತಿರ 10,000 ರೂಪಾಯಿ, ಎಂಟಕ್ಕೆ 80,000. ಮನೆಗೆ ಹಂಚಿದರೆ ತಿಂಗಳಿಗೆ 53 ರೂಪಾಯಿ ಬರೀ ಕರೆಂಟಿಗೆ. ಐದು ಜನ ನೀರುಗಂಟಿಗಳಿಗೆ ತಲಾ 15,000ದಂತೆ 75,000 ಎಂದರೆ ಮನೆಗೆ ಇನ್ನೊಂದು 50. ಮೋಟರ್ ಎತ್ತಿ ಇಳಿಸುವುದು, ವೈಂಡಿಂಗ್, ಕೇಬಲ್, ಒಡೆದ ಪೈಪು ಇವಕ್ಕೆಲ್ಲ ವರ್ಷಕ್ಕೆ 3 ಲಕ್ಷ ತೆಗೆದಿಟ್ಟರೆ ಮನೆಗೆ 17. ಬ್ಲೀಚಿಂಗ್ ಪೌಡರಿಗೆ ಮನೆಗೆ ಎರಡು ಮೂರು ರೂಪಾಯಿ. ಒಟ್ಟು 120 ರೂಪಾಯಿ ದಾಟುತ್ತದೆ. ದರ ನಿಗದಿ ಮಾಡುವ ಮೊದಲು ಪ್ರತಿ ಪಂಚಾಯಿತಿಯೂ ತನ್ನದೇ ಅಂಕಿ ಹಾಕಿ ಈ ಲೆಕ್ಕ ಮಾಡಬೇಕು. ಈಗ ಹೆಚ್ಚಿನ ಕಡೆ ದರವನ್ನು ಅಂದಾಜಿನಲ್ಲಿ ಇಟ್ಟಿರುತ್ತಾರೆ, ಅದೂ ಅರ್ಧಂಬರ್ಧ ವಸೂಲಾಗುತ್ತದೆ. ಉಳಿದದ್ದನ್ನು ಅನುದಾನ ತುಂಬಲಿ ಎಂದು ಕೈಕಟ್ಟಿ ಕೂರುತ್ತಾರೆ.

120 ರೂಪಾಯಿಯನ್ನೂ ಮನೆಯವರಿಂದಲೇ ಕೀಳಬೇಕು ಎಂದು ನಾವು ಹೇಳುತ್ತಿಲ್ಲ. ಕೂಲಿಯವರ ಮನೆಗೆ ಅದು ಭಾರ. ಎಷ್ಟು ಜನ ಕೊಡುತ್ತಾರೆ, ಎಷ್ಟು ಪಂಚಾಯಿತಿ ಹಾಕುತ್ತದೆ, ಎಷ್ಟು ಸರ್ಕಾರ ಕೊಡುತ್ತದೆ ಎಂಬುದನ್ನು ವಾರ್ಡ್ ಸಭೆಯಲ್ಲಿ ಬಾಯಿಬಿಟ್ಟು ಹೇಳಿ ತೀರ್ಮಾನಿಸಲಿ. ನೀರಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಮನೆ ಕಂದಾಯದ ಜೊತೆ ನೀರಿನ ಹಣವನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾವುದಕ್ಕೆ ಯಾವುದು ಹೋಯಿತು ಎಂದು ಕರ ವಸೂಲಿಗಾರನಿಗೂ ಗೊತ್ತಾಗುವುದಿಲ್ಲ.

ದರ ಏರಿಸುವ ಮೊದಲು ಪೋಲು ನಿಲ್ಲಿಸಬಹುದು. ಇದು ಒಂದು ತಿಂಗಳಲ್ಲಿ ಮುಗಿಯುವ ಕೆಲಸ. ಎಸ್ಕಾಂ ಉಪವಿಭಾಗದಿಂದ ಪಂಚಾಯಿತಿ ಹೆಸರಿನಲ್ಲಿರುವ ಎಲ್ಲ ಆರ್‌ಆರ್ ನಂಬರುಗಳ, ಅಂದರೆ ವಿದ್ಯುತ್ ಸಂಪರ್ಕ ಸಂಖ್ಯೆಗಳ ಪಟ್ಟಿ ತರಿಸಿ. ನೀರುಗಂಟಿ, ಲೈನ್‌ಮನ್ ಮತ್ತು ಒಬ್ಬ ಸದಸ್ಯರು ಸೇರಿ ಒಂದೊಂದನ್ನೂ ಜಾಗಕ್ಕೆ ಹೋಗಿ ನೋಡಲಿ. ಬತ್ತಿಹೋದ ಕೊಳವೆಬಾವಿಗೂ ನಿಗದಿತ ಶುಲ್ಕ ಬರುತ್ತಿರುವುದು, ಮೀಟರ್ ಕೆಟ್ಟು ಸರಾಸರಿ ಬಿಲ್ಲು ಬರುತ್ತಿರುವುದು, ಬೇರೆ ಯಾರದೋ ಸಂಪರ್ಕ ಪಂಚಾಯಿತಿ ಲೆಕ್ಕಕ್ಕೆ ಸೇರಿರುವುದು, ಈ ಮೂರೂ ಸಾಮಾನ್ಯ. ಬತ್ತಿದ್ದಕ್ಕೆ ಅರ್ಜಿ ಕೊಟ್ಟು ಸಂಪರ್ಕ ಬಿಡಿಸಿ. ಕೆಟ್ಟ ಮೀಟರ್ ಬದಲಿಸಲು ಬರಹದಲ್ಲಿ ಕೇಳಿ ಸ್ವೀಕೃತಿ ಇಟ್ಟುಕೊಳ್ಳಿ. ಬೀದಿದೀಪದ ಕಥೆ ಇನ್ನೂ ವಿಚಿತ್ರ. ಸ್ವಿಚ್ ಇಲ್ಲದೆ ನೇರ ಕೊಟ್ಟ ದೀಪಗಳು ಹಗಲೂ ಉರಿಯುತ್ತವೆ. 25 ವಾಟಿನ 300 ದೀಪ ಹಗಲು ಹನ್ನೆರಡು ತಾಸು ಉರಿದರೆ 90 ಯೂನಿಟ್ ವ್ಯರ್ಥ. ಅದೇ 6 ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 16,000 ರೂಪಾಯಿ ಮೀರುತ್ತದೆ, ಅಂದರೆ ಒಬ್ಬ ನೀರುಗಂಟಿಯ ಸಂಬಳ. ಪ್ರತ್ಯೇಕ ಸ್ವಿಚ್ ತಂತಿ ಎಳೆದು, ಪ್ರತಿ ಟ್ರಾನ್ಸ್‌ಫಾರ್ಮರಿನ ಬಳಿ ಟೈಮರ್ ಇರುವ ಪೆಟ್ಟಿಗೆ ಕೂರಿಸಿದರೆ ಆಯಿತು. ಒಂದು ಸಲದ ಖರ್ಚು.

ಮೋಟರ್ ಸುಡುವುದಕ್ಕೂ ಕಾರಣ ಗೊತ್ತಿರುವಂಥವೇ. ಮೂರು ಫೇಸಿನಲ್ಲಿ ಒಂದು ಹೋದರೂ ಓಡುತ್ತಲೇ ಇರುತ್ತದೆ, ಬೇಸಿಗೆಯಲ್ಲಿ ನೀರು ಕೆಳಗಿಳಿದ ಮೇಲೂ ಒಣ ಓಡುತ್ತದೆ, ವೋಲ್ಟೇಜ್ ಬಿದ್ದಾಗ ಕರೆಂಟ್ ಜಾಸ್ತಿ ಎಳೆದು ವೈಂಡಿಂಗ್ ಕಾಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಂಗಲ್ ಫೇಸ್ ಮತ್ತು ಡ್ರೈ ರನ್ ತಡೆಯುವ ಸಾಧನ ಇರುತ್ತದೆ. ಆದರೆ ಅದು ಪದೇಪದೇ ಟ್ರಿಪ್ ಆಗುತ್ತದೆ, ನೀರುಗಂಟಿ ರಾತ್ರಿ ಎದ್ದು ಹೋಗಬೇಕಾಗುತ್ತದೆ ಎಂಬ ಕಾರಣಕ್ಕೆ ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟಿರುತ್ತಾರೆ. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ನೋಡಿದರೆ ಸಾಕು. ಪ್ರತಿ ಬಾವಿಗೂ ಒಂದು ಪುಸ್ತಕ ಇಡಿ. ಎಷ್ಟು ಅಡಿಗೆ ಪೈಪ್ ಇಳಿದಿದೆ, ಯಾವ ತಾರೀಖು ಮೋಟರ್ ಎತ್ತಿದ್ದು, ಯಾರು ವೈಂಡಿಂಗ್ ಮಾಡಿದ್ದು ಎಂದು ಬರೆಯಿರಿ. ಒಂದೇ ಮೋಟರ್ ವರ್ಷಕ್ಕೆ ಮೂರು ಬಾರಿ ಸುಟ್ಟಿದೆ ಎಂದು ಬಿಲ್ಲು ಬಂದಾಗ ಈ ಪುಸ್ತಕವೇ ಉತ್ತರ ಕೊಡುತ್ತದೆ.

ನೀರಿನ ಗುಣಮಟ್ಟದಲ್ಲಿ ಅತ್ಯಂತ ಅಗ್ಗದ ಕೆಲಸವೇ ಮೊದಲು ತಪ್ಪಿಹೋಗುತ್ತದೆ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 100 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ಶೇ 25 ಶಕ್ತಿ ಇದ್ದರೆ 400 ಗ್ರಾಂ ಪೌಡರ್. ಹೊಸ ಪೌಡರಿನಲ್ಲಿ ಶಕ್ತಿ ಇನ್ನೂ ಹೆಚ್ಚಿರುತ್ತದೆ, ಬಾಯಿ ತೆರೆದ ಚೀಲದಲ್ಲಿ ತೇವಕ್ಕೆ ಬಿಟ್ಟರೆ ಕೆಲವೇ ವಾರದಲ್ಲಿ ಇಳಿದುಹೋಗುತ್ತದೆ. ಹಾಗಾಗಿ ವರ್ಷಕ್ಕಾಗುವಷ್ಟನ್ನು ಒಮ್ಮೆಗೇ ಕೊಂಡು ಪಂಪ್‌ಹೌಸಿನ ಮೂಲೆಗೆ ಹಾಕಬಾರದು. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯುವುದೂ ತಪ್ಪು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಬೇಕು. ಅರ್ಧ ತಾಸು ಬಿಟ್ಟು ನೀರು ಬಿಡಬೇಕು. ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿದರೆ ಉಪಯೋಗವಿಲ್ಲ, ಕೊನೆಯ ಬೀದಿಯ ಕೊನೆಯ ನಲ್ಲಿಯಲ್ಲಿ ಮಾಡಬೇಕು. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಉಳಿದಿಲ್ಲ ಎಂದರೆ ಬಹಳ ಸಲ ಕಾರಣ ಪೈಪಿನಲ್ಲೇ ಇರುತ್ತದೆ. ಮನೆಯ ನಲ್ಲಿಗೆ ನೇರವಾಗಿ ಮೋಟರ್ ಕೂರಿಸಿ ಎಳೆಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಎಳೆದಾಗ ಪಕ್ಕದ ಮನೆಗೆ ನೀರು ನಿಲ್ಲುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಬೇರೆಯೇ ಇದೆ. ಪೈಪಿನಲ್ಲಿ ಒತ್ತಡ ಕುಸಿದು, ಚರಂಡಿಯೊಳಗೆ ಹಾದುಹೋದ ಜಾಗದ ಸಣ್ಣ ಬಿರುಕಿನಿಂದ ಕೊಳಚೆ ಒಳಗೆ ಬರುತ್ತದೆ. ವಾಂತಿಭೇದಿ ಶುರುವಾದ ಮೇಲೆ ಟ್ಯಾಂಕ್ ತೊಳೆಸುತ್ತಾರೆ, ಟ್ಯಾಂಕು ತಪ್ಪು ಮಾಡಿರುವುದಿಲ್ಲ. ಒಬ್ಬೊಬ್ಬರ ಮೋಟರ್ ಕಿತ್ತುತಂದು ಪಂಚಾಯಿತಿ ಕಚೇರಿಯಲ್ಲಿಟ್ಟರೆ ಜಗಳವೇ ಹೆಚ್ಚು. ನೀರು ಬಿಡುವ ಹೊತ್ತಿನಲ್ಲಿ ಆ ಬೀದಿಗೆ ಸದಸ್ಯರೇ ನಡೆದು ಹೋಗುವುದು, ಚರಂಡಿ ದಾಟುವ ಕಡೆ ಪೈಪಿಗೆ ಕಬ್ಬಿಣದ ಕೊಳವೆಯ ಹೊದಿಕೆ ಹಾಕಿಸುವುದು, ತಗ್ಗಿನ ಮತ್ತು ದಿಣ್ಣೆಯ ಬೀದಿಗಳಿಗೆ ಬೇರೆ ಬೇರೆ ವಾಲ್ವ್ ಇಟ್ಟು ಬೇರೆ ಹೊತ್ತಿನಲ್ಲಿ ನೀರು ಬಿಡುವುದು ಫಲ ಕೊಡುತ್ತದೆ. ದಿಣ್ಣೆಯವರಿಗೆ ನೀರು ಏರಿದರೆ ಮೋಟರ್ ಕೂರಿಸುವ ಅಗತ್ಯವೇ ಕಡಿಮೆಯಾಗುತ್ತದೆ.

ಫ್ಲೋರೈಡ್ ಇರುವ ಪಾವಗಡ, ಶಿರಾ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕ್ಲೋರಿನ್ ಹಾಕಿ ಏನೂ ಆಗದು, ಅದು ರೋಗಾಣುವಿಗೆ ಮಾತ್ರ. ಅಲ್ಲಿ ಶುದ್ಧ ನೀರಿನ ಘಟಕಗಳು ಬೇಕು. ಅವು ನಿಲ್ಲುವುದು ಮೊದಲು ಸೋಸುವ ಕಾರ್ಟ್ರಿಜ್ ಬದಲಿಸದೆ, ಒಳಗಿನ ಸೋಸು ಪರದೆಯಾದ ಮೆಂಬ್ರೇನಿಗೆ ಪೊರೆ ಕಟ್ಟಿ. ದಿನಕ್ಕೆ 200 ಕ್ಯಾನು, 20 ಲೀಟರಿಗೆ 5 ರೂಪಾಯಿ ಎಂದರೆ ತಿಂಗಳಿಗೆ 30,000 ರೂಪಾಯಿ ನಾಣ್ಯದ ಪೆಟ್ಟಿಗೆಗೆ ಬೀಳಬೇಕು. ಕರೆಂಟು, ನೋಡಿಕೊಳ್ಳುವವರ ಸಂಬಳ ಕಳೆದು ಎರಡು ಮೂರು ವರ್ಷಕ್ಕೊಮ್ಮೆ ಮೆಂಬ್ರೇನ್ ಬದಲಿಸುವಷ್ಟು ಉಳಿಸಬಹುದು. ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದರ ಮೇಲೆ ಘಟಕದ ಆಯುಷ್ಯ ನಿಂತಿದೆ. ಘಟಕದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ದನಕ್ಕೆ ಕುಡಿಸಬಾರದು ಎಂದು ಗೋಡೆಯ ಮೇಲೆ ಬರೆಸಬೇಕು.

ಕಸದ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಹಳ್ಳಿಯಲ್ಲಿ ಹಸಿ ಕಸ ಎತ್ತುವುದೇ ಬೇಡ, ಅದಕ್ಕೆ ತಿಪ್ಪೆ ಇದೆ. ಒಣ ಕಸವನ್ನು ವಾರಕ್ಕೆರಡು ದಿನ ಎತ್ತಿದರೆ ಸಾಕು. ಬಾಟಲಿ, ರಟ್ಟು, ಕಬ್ಬಿಣಕ್ಕೆ ಕೊಳ್ಳುವವರಿದ್ದಾರೆ. ಚಿಪ್ಸ್, ಗುಟ್ಕಾ, ಶಾಂಪೂ ಪೊಟ್ಟಣಕ್ಕೆ ಯಾರೂ ಇಲ್ಲ. ಅದನ್ನು ಸಿಮೆಂಟ್ ಕಾರ್ಖಾನೆಗೆ ಕಳಿಸಲು ಲಾರಿ ತುಂಬಬೇಕು, ಒಂದು ಪಂಚಾಯಿತಿಯಿಂದ ಲಾರಿ ತುಂಬುವುದಿಲ್ಲ. ಹಾಗಾಗಿ ಶೆಡ್ಡಿನೊಳಗೆ ಪೊಟ್ಟಣದ ಗುಡ್ಡ ಬೆಳೆದು ಕೊನೆಗೆ ಒಂದು ದಿನ ಬೆಂಕಿ ಬೀಳುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೇ ಘಟಕಕ್ಕೆ ತರುವ ಏರ್ಪಾಟು ಇದೆ. ಅದೇ ದಾರಿ. ಇಪ್ಪತ್ತು ಪಂಚಾಯಿತಿ ಸೇರಿ ಒಂದು ಘಟಕ ಮಾಡಲು ಯಾರು ಕೂರಿಸಿ ಮಾತಾಡಿಸಬೇಕು? ತಾಲ್ಲೂಕು ಪಂಚಾಯಿತಿ. ಆ ತಾಲ್ಲೂಕು ಪಂಚಾಯಿತಿಯ ಸ್ಥಿತಿಗೆ ಆಮೇಲೆ ಬರುತ್ತೇವೆ.

ಈಗ ಎರಡನೆಯ ಕೆಲಸ, ಆಸರೆಯದು. ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ, ಮನೆಯೊಡತಿಗೆ ಕೊಡುವ ಗೃಹಲಕ್ಷ್ಮಿ 2,000. ಇವು ಪಂಚಾಯಿತಿಯ ಮೂಲಕ ಹೋಗುವುದಿಲ್ಲ. ಆದರೂ ಪಿಂಚಣಿ ನಿಂತಾಗ ಅಜ್ಜಿ ಬರುವುದು ಪಂಚಾಯಿತಿ ಕಟ್ಟೆಗೇ, ಏಕೆಂದರೆ ನಾಡಕಚೇರಿಗೆ ಬಸ್ಸು ಹಿಡಿಯಬೇಕು. ಕಟ್ಟೆಯ ಮೇಲೆ ಕೂತವರು ಕಂಪ್ಯೂಟರ್ ತೆರೆದು ಏಕೆ ನಿಂತಿದೆ ಎಂದು ನೋಡಲಾರರು. ಲಾಗಿನ್ ಕಂದಾಯ ಇಲಾಖೆಯದು. "ನಾಡಕಚೇರಿಗೆ ಹೋಗಜ್ಜಿ" ಎಂಬುದಷ್ಟೇ ಅವರು ಕೊಡಬಹುದಾದ ಉತ್ತರ.

ನಿಲ್ಲುವ ಕಾರಣಗಳು ಬೆರಳೆಣಿಕೆಯವು. ಎಲ್ಲಕ್ಕಿಂತ ಹೆಚ್ಚು ಕಾಣುವುದು ಬ್ಯಾಂಕ್ ಜೋಡಣೆಯ ತೊಡಕು. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. ಸಂಘದ ಸಾಲಕ್ಕೋ ಮೊಮ್ಮಗನ ವಿದ್ಯಾರ್ಥಿವೇತನಕ್ಕೋ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಕೊಟ್ಟಿರುತ್ತಾರೆ. ಮುಂದಿನ ತಿಂಗಳಿಂದ ಹಣ ಆ ಖಾತೆಗೆ ಹೋಗುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಹೋಗಿ ಇಲ್ಲ ಅನ್ನಿಸಿಕೊಂಡು ಬರುತ್ತಾರೆ. ಹಣ ಎಲ್ಲಿಗೂ ಹೋಗಿರುವುದಿಲ್ಲ, ಎರಡು ಬೀದಿ ಆಚೆಯ ಬ್ಯಾಂಕಿನಲ್ಲಿ ಕೂತಿರುತ್ತದೆ. ಆಮೇಲೆ ಹೆಸರಿನ ವ್ಯತ್ಯಾಸ: ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ. ಪರಿಶೀಲನೆಗೆ ಬಂದ ದಿನ ಮಗಳ ಊರಿಗೆ ಹೋಗಿದ್ದವರನ್ನು ವಾಸವಿಲ್ಲ ಎಂದು ಬರೆದುಬಿಡುವುದೂ ಉಂಟು. ಬದುಕಿರುವವರನ್ನು ಮರಣ ಎಂದು ನಮೂದಿಸಿದ್ದು ಅಪರೂಪ, ಆದರೆ ಅದನ್ನು ಸರಿಪಡಿಸಲು ಹಿಡಿಯುವ ಕಾಲ ಎಲ್ಲಕ್ಕಿಂತ ಹೆಚ್ಚು.

ಪಂಚಾಯಿತಿಗೆ ಬೇಕಾದದ್ದು ದೊಡ್ಡ ಅಧಿಕಾರವೇನಲ್ಲ. ಪ್ರತಿ ತಿಂಗಳು ಆ ಪಂಚಾಯಿತಿ ವ್ಯಾಪ್ತಿಯಲ್ಲಿ ಹಿಂದಿನ ತಿಂಗಳು ಪಾವತಿಯಾಗಿ ಈ ತಿಂಗಳು ಆಗದವರ ಪಟ್ಟಿ, ಪಕ್ಕದಲ್ಲಿ ಕಾರಣದೊಂದಿಗೆ, ಪಂಚಾಯಿತಿಯ ಕಂಪ್ಯೂಟರಿಗೆ ಬರಲಿ. ನೋಡುವ ಹಕ್ಕು ಸಾಕು, ತಿದ್ದುವ ಹಕ್ಕು ಕಂದಾಯದವರಲ್ಲೇ ಇರಲಿ. ಪಟ್ಟಿ ಬಂದ ವಾರದಲ್ಲಿ ಒಬ್ಬರು ಮನೆಗೆ ಹೋಗಬೇಕು. ಬ್ಯಾಂಕ್ ಜೋಡಣೆಯ ತೊಂದರೆಯಾದರೆ ಮೈಆಧಾರ್ ತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಬಹುದು. ಅದಕ್ಕೆ ಮೊಬೈಲಿಗೆ ಬರುವ ಒಟಿಪಿ ಬೇಕು. ಆಧಾರಿಗೆ ಮೊಬೈಲ್ ಜೋಡಿಸಿರದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಮಾಡಿಸಬೇಕು. ಬೇಕಾದ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ಕೊಟ್ಟು ಜೋಡಣೆ ಬದಲಿಸಿಕೊಳ್ಳಬಹುದು. ನಡೆಯಲಾಗದವರಿಗೆ ಅಂಚೆ ಪಾವತಿ ಬ್ಯಾಂಕಿನ ಮೂಲಕ ಅಂಚೆಯಣ್ಣ ಮನೆ ಬಾಗಿಲಲ್ಲೇ ಬೆರಳಚ್ಚು ಪಡೆದು ಹಣ ಕೊಡುವ ವ್ಯವಸ್ಥೆ ಇದೆ. ಹೊಲದಲ್ಲಿ ದುಡಿದು ಬೆರಳು ಸವೆದವರಿಗೆ ಬೆರಳಚ್ಚು ಹತ್ತುವುದಿಲ್ಲ, ಹತ್ತೂ ಬೆರಳು ಪ್ರಯತ್ನಿಸಿ ಯಾವುದು ಹತ್ತಿತು ಎಂದು ಬರೆದಿಟ್ಟುಕೊಂಡರೆ ಮುಂದಿನ ತಿಂಗಳು ಗೋಳು ತಪ್ಪುತ್ತದೆ.

ಮನೆಗೆ ಹೋಗುವವರು ಯಾರು ಎಂಬ ಪ್ರಶ್ನೆಗೆ ಹೊಸ ಹುದ್ದೆ ಬೇಡ. ಒಂದು ಪಂಚಾಯಿತಿಯಲ್ಲಿ ಈಗಾಗಲೇ ಎಷ್ಟು ಜನ ಮನೆಮನೆ ತಿರುಗುತ್ತಾರೆ ಎಂದು ಎಣಿಸಿ ನೋಡಿ. ಸಾವಿರ ಜನಕ್ಕೊಬ್ಬರು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆಯರು, ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು, ಗ್ರಾಮ ಆಡಳಿತ ಅಧಿಕಾರಿ, ಕರ ವಸೂಲಿಗಾರ. ಒಬ್ಬರು ಆರೋಗ್ಯ ಇಲಾಖೆಗೆ ವರದಿ ಕೊಡುತ್ತಾರೆ, ಒಬ್ಬರು ಮಹಿಳಾ ಮತ್ತು ಮಕ್ಕಳ ಇಲಾಖೆಗೆ, ಒಬ್ಬರು ತಹಶೀಲ್ದಾರರಿಗೆ. ಒಂದೇ ಮನೆಗೆ ಐವರು ಹೋಗಿ ಐದು ಆ್ಯಪಿನಲ್ಲಿ ಅದೇ ಹೆಸರು ತುಂಬುತ್ತಾರೆ. ಆ ಮನೆಯಲ್ಲಿ ಮೂರು ತಿಂಗಳಿಂದ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಪಂಚಾಯಿತಿಗೆ ಗೊತ್ತಾಗುವುದೇ ಇಲ್ಲ.

ಎಲ್ಲ ಇಲಾಖೆಯವರನ್ನು ಕೂರಿಸಿ ಪ್ರಗತಿ ನೋಡುವ ಗ್ರಾಮ ಪಂಚಾಯಿತಿ ಮಟ್ಟದ ಕೆಡಿಪಿ ಸಭೆ ಎಂಬುದು ಕಾಗದದ ಮೇಲೆ ಇದೆ. ಅದು ಕೆಡುವುದು ಹೇಗೆಂದರೆ, ಪ್ರತಿ ಇಲಾಖೆಯವರೂ ಪ್ರಗತಿ ಅಂಕಿ ಓದುತ್ತಾರೆ, ಟೀ ಬರುತ್ತದೆ, ನಡಾವಳಿಗೆ ಸಹಿ ಆಗುತ್ತದೆ. ಅಂಕಿ ಓದುವುದನ್ನು ಬಿಟ್ಟು ಹೆಸರು ಓದಬೇಕು. ವಾರ್ಡುವಾರು ಒಂದು ಆಸರೆ ವಹಿ ಮಾಡಿ. ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಸಿಗದವರು, ಪಡಿತರ ಚೀಟಿಯಿಂದ ಹೆಸರು ಬಿಟ್ಟುಹೋದವರು, ಶಾಲೆ ಬಿಟ್ಟ ಮಕ್ಕಳು ಇದರಲ್ಲಿ ಬರಲಿ. 400 ಜನದ ವಾರ್ಡಿನಲ್ಲಿ ಇಂಥ ಹೆಸರು ಒಂದು ಪುಟ ತುಂಬಿದರೆ ಹೆಚ್ಚು. ಪ್ರತಿ ಹೆಸರಿನ ಎದುರು ಯಾರು ಏನು ಮಾಡಬೇಕು, ಯಾವ ತಾರೀಖಿನೊಳಗೆ ಎಂದು ಬರೆಯಿರಿ, ಮುಂದಿನ ಸಭೆಯಲ್ಲಿ ಅದೇ ಪುಟ ತೆರೆಯಿರಿ. ಒಂದು ಎಚ್ಚರಿಕೆ ಇದೆ. ಈ ವಹಿ ಬೀಗ ಹಾಕಿದ ಬೀರುವಿನಲ್ಲಿರಬೇಕು. ಕಾಯಿಲೆ, ಅಂಗವೈಕಲ್ಯ, ಮನೆಯ ಕಷ್ಟಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು ಅಥವಾ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಪಾರದರ್ಶಕತೆಯಲ್ಲ, ಅವಮಾನ.

ಹಣ ಸ್ವಲ್ಪ ಇದೆ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ವರ್ಷದ ಕೊನೆಯಲ್ಲಿ ಮಾರ್ಚ್ ಹತ್ತಿರ ಬಂದಾಗ ಎಲ್ಲರಿಗೂ ಒಂದೇ ಅಳತೆಯ ಗಾಲಿಕುರ್ಚಿ, ಒಂದೇ ಬಗೆಯ ಊರುಗೋಲು ಕೊಂಡು ಹಂಚಿ ಫೋಟೊ ತೆಗೆದು ಬಿಲ್ಲು ಮಾಡುವುದು ವಾಡಿಕೆ. ಕೆಲವು ಕುರ್ಚಿ ಬಾಗಿಲು ದಾಟುವುದಿಲ್ಲ. ಆಸರೆ ವಹಿ ಇದ್ದರೆ ಯಾರಿಗೆ ಶೌಚಾಲಯಕ್ಕೆ ಹಿಡಿಕೆ ಬೇಕು, ಯಾರ ಮನೆ ಮುಂದೆ ಇಳಿಜಾರು ಕಟ್ಟೆ ಬೇಕು, ಯಾರಿಗೆ ಆಸ್ಪತ್ರೆಗೆ ಹೋಗಿಬರುವ ಖರ್ಚು ಬೇಕು ಎಂದು ಏಪ್ರಿಲ್‌ನಲ್ಲೇ ಗೊತ್ತಾಗುತ್ತದೆ.

ಇದೆಲ್ಲ ಕನಸಿನ ಮಾತೇನಲ್ಲ. ಪಕ್ಕದ ಕೇರಳದಲ್ಲಿ ಸಾಮಾಜಿಕ ಭದ್ರತಾ ಪಿಂಚಣಿಯ ಅರ್ಜಿ ತೆಗೆದುಕೊಂಡು ಮಂಜೂರು ಮಾಡುವುದು ಸ್ಥಳೀಯ ಸಂಸ್ಥೆಯೇ. 1996ರ ಜನಕೀಯ ಯೋಜನೆಯ ಕಾಲದಲ್ಲಿ ರಾಜ್ಯದ ಯೋಜನಾ ಹಣದ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಕೃಷಿ ಭವನಗಳನ್ನು ಅವುಗಳ ಕೆಳಗೆ ತಂದರು. 2008ರಲ್ಲಿ ಅಲ್ಲಿನ ಸರ್ಕಾರ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ ನೀತಿ ಮಾಡಿತು. ಪಂಚಾಯಿತಿ ಹಣದಲ್ಲಿ ಒಬ್ಬ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು, ಮೂತ್ರದ ಕೊಳವೆ ಬದಲಿಸಿ ಬರುತ್ತಾರೆ. ಅಲ್ಲಿಯ ಎಲ್ಲವೂ ಇಲ್ಲಿಗೆ ಒಗ್ಗುತ್ತದೆ ಎಂದಲ್ಲ. ಅಲ್ಲಿನ ಪಂಚಾಯಿತಿ ದೊಡ್ಡದು, ಸಿಬ್ಬಂದಿ ಹೆಚ್ಚು. ಆದರೆ ಅಧಿಕಾರ ಬಿಟ್ಟುಕೊಡುವುದರಲ್ಲಿ ನಾವು ಅವರಿಗಿಂತ ಮುಂದಿದ್ದ ಕಾಲವೂ ಇತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿದ್ದರು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಆ ತಿದ್ದುಪಡಿ 11ನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಆರೋಗ್ಯವೂ ಇದೆ, ಸಮಾಜ ಕಲ್ಯಾಣವೂ ಇದೆ. ವಿಷಯ ಬಂತು, ಸಿಬ್ಬಂದಿ ಬರಲಿಲ್ಲ.

ತಾಲ್ಲೂಕು ಪಂಚಾಯಿತಿಗೆ ಬರುತ್ತೇವೆ ಎಂದಿದ್ದೆವು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಎಲ್ಲ ಆಗಿದ್ದರು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ, ಹೀಗೆ ಕಾರಣಗಳಿಗೆ ಕೊರತೆ ಇರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಪುನರ್ವಿಂಗಡಣೆಯ ನೆಪದಲ್ಲಿ ಸ್ಥಳೀಯ ಚುನಾವಣೆ ತಡೆಯುವಂತಿಲ್ಲ ಎಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಹಣಕಾಸು ಆಯೋಗದ ಅನುದಾನಕ್ಕೂ ಅಡ್ಡಿ. 2020ರ ಡಿಸೆಂಬರ್‌ನಲ್ಲಿ ಮತದಾನ ನಡೆದ ಗ್ರಾಮ ಪಂಚಾಯಿತಿಗಳ ವಿಷಯದಲ್ಲೂ ಅದೇ ಚಾಳಿ ಮುಂದುವರಿದರೆ ಮೇಲೆ ಹೇಳಿದ ಯಾವ ಲೆಕ್ಕವೂ ಕೆಲಸಕ್ಕೆ ಬಾರದು. ಆಡಳಿತಾಧಿಕಾರಿ ನೀರಿನ ದರ ಏರಿಸಿದರೆ ಜನ ಕೊಡುವುದಿಲ್ಲ. ತಾವು ಆರಿಸಿದ ಸದಸ್ಯೆ ಬೀದಿಯಲ್ಲಿ ನಿಂತು ಲೆಕ್ಕ ಹೇಳಿದರೆ ಗೊಣಗಿಯಾದರೂ ಕೊಡುತ್ತಾರೆ. ಅಂದಹಾಗೆ ಸದಸ್ಯೆ ಎಂದರೆ ಸದಸ್ಯೆಯೇ, ಅವರ ಯಜಮಾನರಲ್ಲ. ಅಧ್ಯಕ್ಷೆಯ ಡಿಜಿಟಲ್ ಸಹಿಯ ಡಾಂಗಲ್ ಯಾರ ಜೇಬಿನಲ್ಲಿದೆ ಎಂದು ಕೇಳುವುದು ಅಸಭ್ಯತೆಯೇನಲ್ಲ.

ವಾರ್ಡ್ ಸಭೆಯೇ ಇದಕ್ಕೆಲ್ಲ ಬುನಾದಿ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಸಭೆ ನಡೆಸಲು ಇರಲೇಬೇಕಾದ ಕನಿಷ್ಠ ಹಾಜರಿ, ಅಂದರೆ ಕೋರಂ, ಮತದಾರರ ಶೇ 10 ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು. ಇಪ್ಪತ್ತು ಜನ ಸೇರುವುದು ಕಷ್ಟವಲ್ಲ. ಆದರೆ ಬೆಳಿಗ್ಗೆ 11 ಗಂಟೆಗೆ ಕರೆದರೆ ಕೂಲಿಗೆ ಹೋದವರು, ಹಾಲು ಹಾಕುವವರು ಬರುವುದಿಲ್ಲ. ಆಮೇಲೆ ಮನೆಮನೆಗೆ ಪುಸ್ತಕ ಒಯ್ದು ಸಹಿ ಮಾಡಿಸುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅಲ್ಲೇ ಪಕ್ಕದಲ್ಲಿ ಕರೆಯಿರಿ, ಜನ ನಿಲ್ಲುತ್ತಾರೆ. ಸಭೆಯಲ್ಲಿ ಮೊದಲು ಹೊಸ ಬೇಡಿಕೆ ಕೇಳಬೇಡಿ. ಕೇಳಿದರೆ ನೂರು ಚರಂಡಿಯ ಪಟ್ಟಿ ಬರುತ್ತದೆ, ಅದರಲ್ಲಿ ಐದು ಕ್ರಿಯಾ ಯೋಜನೆಗೆ ಸೇರುತ್ತವೆ, ತೊಂಬತ್ತೈದು ಜನರಿಗೆ ಸಿಟ್ಟು ಬರುತ್ತದೆ. ಈ ಬೀದಿಗೆ ಕಳೆದ ತಿಂಗಳು ಎಷ್ಟು ದಿನ ನೀರು ಬಂತು, ಯಾವ ಕಂಬದ ದೀಪ ಕೆಟ್ಟಿದೆ, ಯಾವ ಕಂಬದ್ದು ಹಗಲೂ ಉರಿಯುತ್ತಿದೆ, ಯಾರ ಪಿಂಚಣಿ ನಿಂತಿದೆ ಎಂದು ಮೊದಲು ಕೇಳಿ. ಉತ್ತರಗಳನ್ನು ಅಲ್ಲೇ ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ.

ರಾಜ್ಯ ಸರ್ಕಾರ ಮಾಡಬೇಕಾದದ್ದನ್ನು ಎರಡು ಆದೇಶದಲ್ಲಿ ಮುಗಿಸಬಹುದು. ಪಿಂಚಣಿ ನಿಂತವರ ಮಾಸಿಕ ಪಟ್ಟಿಯನ್ನು ಕಾರಣಸಹಿತ ಪಂಚಾಯಿತಿಗೆ ತೋರಿಸಲು ಕಂದಾಯ ಇಲಾಖೆಗೆ ಒಂದು. ಕ್ರಿಯಾ ಯೋಜನೆಯಲ್ಲಿ ಹೊಸ ಕಾಮಗಾರಿಗೆ ಮಂಜೂರಾತಿ ಕೇಳುವ ಮೊದಲು ಇರುವುದರ ವಾರ್ಷಿಕ ನಿರ್ವಹಣೆಗೆ ಹಣ ತೆಗೆದಿಟ್ಟ ಪುಟವನ್ನು ಲಗತ್ತಿಸಲೇಬೇಕೆಂದು ಪಂಚಾಯತ್ ರಾಜ್ ಇಲಾಖೆಯಿಂದ ಇನ್ನೊಂದು. ಕೇಂದ್ರದಲ್ಲಿ 16ನೇ ಹಣಕಾಸು ಆಯೋಗದ ಅವಧಿ 2026ರ ಏಪ್ರಿಲ್‌ನಿಂದ 2031ರವರೆಗಿನದು. ನೀರುಗಂಟಿಯ ಸಂಬಳ ಮತ್ತು ಕಸದ ಗಾಡಿ ಓಡಿಸುವವರ ಗೌರವಧನವನ್ನು ಆಡಳಿತ ವೆಚ್ಚ ಎನ್ನದೆ ನೀರು ಮತ್ತು ನೈರ್ಮಲ್ಯದ ನಿರ್ವಹಣಾ ವೆಚ್ಚ ಎಂದೇ ಪರಿಗಣಿಸಬೇಕೆಂದು ರಾಜ್ಯ ಬರಹದಲ್ಲಿ ಕೇಳಲಿ. ಪಂಚಾಯಿತಿಗಳೂ ಇದೇ ವಿಷಯದ ಮೇಲೆ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ, ಮೇಲೆ ಹೇಳಿದ ರೀತಿಯ ತಮ್ಮ ಲೆಕ್ಕವನ್ನು ಜೊತೆಗಿಟ್ಟು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಲಿ, ಪ್ರತಿಯನ್ನು ಶಾಸಕರಿಗೂ ಕೊಡಲಿ.

ಇಂತಿ,
ಗ್ರಾಮ ಪಂಚಾಯಿತಿಗಳ ಕೆಲವು ನಿವೃತ್ತ ನೌಕರರು ಮತ್ತು ಮಾಜಿ ಸದಸ್ಯರು,
ತುಮಕೂರು ಜಿಲ್ಲೆ